ಹಾಲಿನ ಲೋಟದ ತಳದಲ್ಲಿ

ಮಂಗಳವಾರ, ಬೆಳಿಗ್ಗೆ ಹತ್ತೂಕಾಲು
ನಿನ್ನ ಗಾಜಿನ ಬಾಗಿಲಿನಿಂದ ಹದಿನೇಳು ಹೆಜ್ಜೆ ದೂರದ ಬೆಂಚು

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಗಮನಿಸು. ಐದು ತಿಂಗಳಿಂದ ಮಾತು ಬಿಟ್ಟ ತಂಗಿಯ ಕೈಯಿಂದ ಆ ಪದ ಬಂದರೆ ನಿನ್ನ ಜ್ವರ ಇನ್ನೊಂದು ಡಿಗ್ರಿ ಏರೀತು, ಆ ಅಪವಾದವೂ ನನ್ನ ತಲೆಗೇ ಬಂದೀತು.

ನನ್ನ ಅಕ್ಷರ ಕಂಡ ಕೂಡಲೇ ಕಾಗದ ಹರಿಯಬೇಕು ಅನ್ನಿಸುತ್ತದೆ ನಿನಗೆ. ಹರಿ, ಬೇಡ ಅನ್ನುವುದಿಲ್ಲ. ಓದಿ ಆದ ಮೇಲೆ ಹರಿ. ಪೂರ್ತಿ ಓದುವ ತಾಳ್ಮೆ ಇಲ್ಲದಿದ್ದರೆ ಇದೊಂದು ಸಾಲು ಓದು: ಇವತ್ತು ನಾಲ್ಕು ಗಂಟೆಗೆ ನಿನಗೆ ಏರಿಸಲಿರುವ ಆ ಹಳದಿ ಡ್ರಿಪ್ಪನ್ನು ಒಂದೇ ಒಂದು ದಿನ ಮುಂದೂಡಿ, ರಕ್ತ ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ಡಾಕ್ಟರಮ್ಮನನ್ನು ನೀನೇ ಕೇಳಬೇಕು. ನಾನು ಕೇಳಿದರೆ ಆಗುತ್ತಿಲ್ಲ. ಕೇಳಿ ಆಯಿತು.

ನಿನ್ನ ಬಾಗಿಲು ಕಾಯುವ ನರ್ಸಮ್ಮ ನನ್ನನ್ನು ಒಳಗೆ ಬಿಡುವುದಿಲ್ಲ. “ಪೇಷೆಂಟೇ ಬೇಡ ಅಂದಿದಾರೆ, ನಾನೇನ್ ಮಾಡ್ಲಿ?” ಅನ್ನುತ್ತಾರೆ. ನಿನ್ನ ಫೋನಿನಲ್ಲಿ ನನ್ನ ನಂಬರಿಗೆ ಬಾಗಿಲು ಹಾಕಿದ್ದೀಯ. ಅಮ್ಮನ ಫೋನಿಂದ ಮಾಡಿದರೆ ನನ್ನ ಉಸಿರು ಕೇಳಿದ್ದೇ ತಡ, ಕಡಿದು ಹಾಕುತ್ತೀಯ. ಕೊನೆಗೆ ನರ್ಸಮ್ಮನಿಗೇ ಕನಿಕರ ಬಂತು. “ಬಾಯ್ಮಾತೆಲ್ಲ ನಾನು ಹೊರಲ್ಲಮ್ಮ, ಆಮೇಲೆ ನಾನೇನೋ ಹೇಳ್ದೆ ಅಂತಾಗುತ್ತೆ. ಬರ್ದು ಕೊಡಿ. ಎರಡು ಗಂಟೆ ಮಾತ್ರೆ ಜೊತೆ ಕವರಲ್ಲಿ ಹಾಕಿ ಕೊಡ್ತೀನಿ” ಅಂದರು. ಆದ್ದರಿಂದ ನನ್ನ ಬಳಿ ಇರುವುದು ಮೂರು ಮುಕ್ಕಾಲು ಗಂಟೆ, ಅಮ್ಮನ ಚೀಲದಲ್ಲಿ ಸಿಕ್ಕ ಅರ್ಧ ನೋಟುಬುಕ್ಕು, ಮತ್ತು ಮಧ್ಯೆ ಮಧ್ಯೆ ಸತ್ತು ಬದುಕುವ ಒಂದು ಪೆನ್ನು. ಏಳು ವರ್ಷದಿಂದ ಬಾಟಲಿಯ ಲೇಬಲ್ಲಿಗೆ ನಾಲ್ಕು ಸಾಲಿಗೆ ಮೀರದಂತೆ ಬರೆದು ಸಂಬಳ ತೆಗೆದುಕೊಂಡವಳು ನಾನು. ಇಷ್ಟುದ್ದ ಬರೆಯುವ ಅಭ್ಯಾಸ ತಪ್ಪಿದೆ, ಸಹಿಸಿಕೋ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ನೀನು ಯಾವತ್ತೂ ಕೇಳಿದವಳಲ್ಲ. “ಪ್ರಾಸಮ್ಮ ಪುಡಿ ಮಾರ್ತಾಳೆ” ಎಂದು ನಿನ್ನ ಡ್ರೈವಿಂಗ್ ಶಾಲೆಯ ಹುಡುಗಿಯರಿಗೆಲ್ಲ ಹೇಳಿ ನಗಿಸಿದ್ದೀಯ. ನಗು ನ್ಯಾಯವೇ, ಪುಡಿಯೂ ನಿಜವೇ. ಆದರೆ ಇವತ್ತು ಆ ಪುಡಿಯ ಜಾತಕ ನಿನಗೆ ಗೊತ್ತಾಗಲೇಬೇಕು.

ನಮ್ಮ ಕಾರ್ಖಾನೆಯಲ್ಲಿ ಮಾಡುವುದು ಯೀಸ್ಟಿನಿಂದ. ಬ್ರೆಡ್ ಉಬ್ಬಿಸುತ್ತದಲ್ಲ, ಅದೇ. ದೊಡ್ಡ ದೊಡ್ಡ ಸ್ಟೀಲ್ ಡ್ರಮ್ಮುಗಳಲ್ಲಿ ಅದನ್ನು ಬೆಳೆಸುತ್ತಾರೆ. ಬೆಳೆದ ಮೇಲೆ ಕಣದ ಒಳಗಿರುವುದನ್ನೆಲ್ಲ ತೊಳೆದು ಚೆಲ್ಲಿ ಬರೀ ಗೋಡೆಯನ್ನು ಉಳಿಸಿಕೊಂಡು, ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲಿಗೆ ತುಂಬುತ್ತಾರೆ. ಮನೆಯವರನ್ನು ಓಡಿಸಿ ಗೋಡೆ ಮಾರುವ ವ್ಯಾಪಾರ. ಆ ಗೋಡೆಯಲ್ಲಿರುವ ಸಕ್ಕರೆಯ ಸರಪಳಿಗೆ ಬೀಟಾ ಗ್ಲೂಕಾನ್ ಎಂದು ಹೆಸರು. ಸಕ್ಕರೆ ಅಂದರೆ ಸಿಹಿ ಇರುವುದಿಲ್ಲ, ಯಾವ ರುಚಿಯೂ ಇರುವುದಿಲ್ಲ. ನಿನ್ನೆಯ ಬ್ರೆಡ್ಡಿನ ವಾಸನೆ ಒಂದಿಷ್ಟು. ನೀರಿಗೆ ಹಾಕಿದರೂ ಕರಗುವುದಿಲ್ಲ, ಹಾಲಿಗೆ ಹಾಕಿದರೂ ಕರಗುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇದನ್ನು ತಿಂದರೆ ಏನಾಗುತ್ತದೆ? ಬೂಸು ಅಂದರೆ ಫಂಗಸ್, ಅದರ ಮೈಮೇಲೂ ಇಂಥದೇ ಗೋಡೆ ಇರುತ್ತದೆ. ನಮ್ಮ ದೇಹದ ಕಾವಲುಗಾರರು ಆ ಗೋಡೆ ಕಂಡರೆ ಬೂಸು ಬಂತು ಅಂದುಕೊಂಡು ಎದ್ದು ಕೂರುತ್ತಾರೆ. ಕಳ್ಳ ಬಂದಿರುವುದಿಲ್ಲ, ಕಳ್ಳನ ಅಂಗಿ ಮಾತ್ರ ಬಂದಿರುತ್ತದೆ. ಆದರೂ ಕಾವಲುಗಾರ ದೊಣ್ಣೆ ಹುಡುಕುತ್ತಾನೆ. ಆರೋಗ್ಯವಾಗಿರುವವರಿಗೆ ಇದರಿಂದ ನೆಗಡಿ ಒಂದೆರಡು ದಿನ ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಕಾರ್ಖಾನೆಯ ಯಜಮಾನರು ‘ಆಗದೆಯೂ ಇರಬಹುದು’ ಎನ್ನುವುದನ್ನು ಲೇಬಲ್ಲಿಗೆ ಹಾಕಬೇಡ ಅನ್ನುತ್ತಿದ್ದರು. ಹಾಗಾಗಿ ನಾನು ಹಾಕಿದ್ದು:

ದಿನಕ್ಕೊಂದು ಗುಳಿಗೆ,
ದಂಡು ನಿಂತಿದೆ ಒಳಗೆ.

ಆ ಎರಡು ಸಾಲಿಗೆ ಯಜಮಾನರು ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿದರು. ಅದೇ ಲೇಬಲ್ಲಿನ ಅಂಚಿನಲ್ಲಿ, ಗೋಂದು ಹಚ್ಚುವ ಜಾಗದ ಪಕ್ಕ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಇನ್ನೊಂದು ವಾಕ್ಯ ಇದೆ. ಅದನ್ನು ಬರೆದವಳೂ ನಾನೇ. ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಬಳಸಕೂಡದು. ಅದಕ್ಕೆ ಪ್ರಾಸ ಹೊಂದಿಸಲು ಯಾರೂ ಹೇಳಲಿಲ್ಲ, ನಾನೂ ಹೋಗಲಿಲ್ಲ.

ಅಂಗ ಕಸಿ ಮಾಡಿಸಿಕೊಂಡವರು ಅಂದರೆ ನೀನು, ಅಕ್ಕ. ನಿನ್ನೊಳಗೆ ಎರಡು ವರ್ಷದಿಂದ ಕೂತಿರುವ ನನ್ನ ಎಡ ಕಿಡ್ನಿ. ಅದನ್ನು ನಿನ್ನ ದಂಡು ಪರಕೀಯ ಎಂದು ಗುರುತಿಸಬಾರದು ಅಂತಲೇ ಡಾಕ್ಟರಮ್ಮ ದಿನಕ್ಕೆ ಮೂರು ಬಗೆಯ ಮಾತ್ರೆ ಕೊಟ್ಟು ಆ ದಂಡನ್ನು ಮಲಗಿಸಿಟ್ಟಿರುವುದು. ಮಲಗಿದ ದಂಡಿನ ಕಿವಿಯಲ್ಲಿ ಯಾರೋ ಸಂಜೆ ಸಂಜೆ ಪುಡಿ ಊದಿದ್ದಾರೆ.

ಈಗ ಹೇಳುತ್ತೇನೆ. ಮೂರು ತಿಂಗಳಿಂದ ನಿನ್ನ ಸಂಜೆಯ ಹಾಲಿನಲ್ಲಿ ಆ ಪುಡಿ ಇತ್ತು. ದಿನಕ್ಕೆ ಅರ್ಧ ಕ್ಯಾಪ್ಸೂಲು. ಅಮ್ಮ ಬೆರೆಸುತ್ತಿದ್ದಳು. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಹನ್ನೊಂದೂ ನಲವತ್ತು

ಪೆನ್ನು ಸತ್ತಿತ್ತು. ಕೆಳಗಿನ ಔಷಧಿ ಅಂಗಡಿಯವರು ಹೊಸದು ಕೊಟ್ಟರು. ಅಲ್ಲಿಯ ಕಪಾಟಿನಲ್ಲಿ ನಮ್ಮ ಬಾಟಲಿ ಹತ್ತು ನಿಂತಿದ್ದವು, ನನ್ನ ಪ್ರಾಸ ಮುಂದಕ್ಕೆ ಮಾಡಿಕೊಂಡು. ಮೊದಲ ಸಲ ಅವುಗಳ ಕಣ್ಣು ತಪ್ಪಿಸಿ ಬಂದೆ.

ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಪುಡಿ ಶುರುವಾಗುವ ಮುಂಚೆ ನೀನು ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ದೆ. ಬಾಯಲ್ಲಿ ಹುಣ್ಣು, ಮೂಗಲ್ಲಿ ನೆಗಡಿ, ಹೊಟ್ಟೆಯಂತೂ ಒಂದು ದಿನ ಸರಿ ಇದ್ದರೆ ಮೂರು ದಿನ ಹಠ. ಕ್ಲಚ್ಚು ಒತ್ತಲು ಕಾಲಿಗೆ ಬಲ ಸಾಲದೆ ನೀನು ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತು ಬಾಯಲ್ಲೇ ಪಾಠ ಹೇಳುತ್ತಿದ್ದುದನ್ನು ಅಮ್ಮ ಅಂಗಡಿಗೆ ಹೋಗುವಾಗ ನೋಡಿದ್ದಾಳೆ. ಮನೆಗೆ ಬಂದು ಅಡುಗೆಮನೆ ಕಟ್ಟೆ ಹಿಡಿದು ನಿಂತಳು. “ಆ ಮಾತ್ರೆ ತಿಂದೂ ತಿಂದೂ ನನ್ನ ಮಗಳ ಮೈಯಲ್ಲಿ ಶಕ್ತಿನೇ ಉಳೀಲಿಲ್ಲ ಕಣೇ” ಅಂದಳು. ಆ ಮಾತು ತಪ್ಪಲ್ಲ. ಶಕ್ತಿ ಇರಬಾರದು ಅಂತಲೇ ಆ ಮಾತ್ರೆ. ಅದನ್ನು ತಾಯಿಗೆ ಹೇಗೆ ಹೇಳುತ್ತೀಯ?

ನಾನು ಯಾಕೆ ತಡೆಯಲಿಲ್ಲ ಎಂದು ಕೇಳುತ್ತೀಯ. ಇದು ನಮ್ಮಂಥ ಪುಡಿ ಜನ ಮಾತ್ರ ಮಾಡುವ ತಪ್ಪು. ಕೊಳ್ಳುವವರು ನಂಬುತ್ತಾರೆ, ಆದ್ದರಿಂದ ಸ್ವಲ್ಪ ಹೆದರುತ್ತಾರೆ. ನಾವು ಮಾಡುವವರು ನಂಬುವುದಿಲ್ಲ, ಆದ್ದರಿಂದ ಹೆದರುವುದೂ ಇಲ್ಲ. ಲೇಬಲ್ ಸೊಟ್ಟಗೆ ಅಂಟಿದ ಬಾಟಲಿಗಳನ್ನು ತಿಂಗಳಿಗೊಂದರಂತೆ ನಮಗೆ ಪುಕ್ಕಟೆ ಕೊಡುತ್ತಾರೆ. ಪ್ಯಾಕಿಂಗ್ ಹೆಂಗಸರು ಅದನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಾರೆ. ಡ್ರಮ್ಮಿನ ಮೇಸ್ತ್ರಿ “ತಿಂದ್ರೆ ಲಾಭ ಇಲ್ಲ, ಬಿಟ್ರೆ ನಷ್ಟ ಇಲ್ಲ” ಎಂದು ದಿನಾ ಊಟದ ಹೊತ್ತಿಗೆ ಹೇಳುತ್ತಾನೆ. ನನ್ನ ಸಹವಾಸದಿಂದ ಅವನಿಗೂ ಪ್ರಾಸದ ಚಾಳಿ. ಉಪಕಾರ ಮಾಡಲು ಬಾರದ ಪುಡಿ ಅಪಕಾರವನ್ನಾದರೂ ಎಲ್ಲಿ ಕಲಿತಿರುತ್ತದೆ ಎಂದು ನಾನು ಅಂದುಕೊಂಡೆ. ಅಮ್ಮನ ಕೈಗೊಂದು ಕೆಲಸ, ಮನಸ್ಸಿಗೊಂದು ಸಮಾಧಾನ. ಇರಲಿ ಬಿಡು ಅಂದುಕೊಂಡೆ.

ಹನ್ನೆರಡು ದಿನದ ಹಿಂದೆ ಜ್ವರ ಎಂದು ನಿನ್ನನ್ನು ಇಲ್ಲಿ ಸೇರಿಸಿದೆವು. ಎದೆಯ ಚಿತ್ರದಲ್ಲಿ ಒಂದು ಮೂಲೆ ಮಸುಕು. ಯಾವ ರೋಗಾಣುವೂ ಕೈಗೆ ಸಿಗಲಿಲ್ಲ. ಆಮೇಲೆ ರಕ್ತದಲ್ಲಿ ಬೂಸು ಹುಡುಕುವ ಪರೀಕ್ಷೆ ಮಾಡಿದರು. ಅಂಕಿ ಮೇಲೆ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಮಾಡಿದರು. ಇನ್ನೂ ಮೇಲೆ. ಅದಕ್ಕೇ ಡಾಕ್ಟರಮ್ಮ ತೀರ್ಮಾನಕ್ಕೆ ಬಂದರು: ಬೂಸು ಎದೆಗೆ ಇಳಿದಿದೆ, ದಂಡನ್ನು ಮಲಗಿಸುವ ಮಾತ್ರೆಗಳಲ್ಲಿ ಎರಡನ್ನು ನಿಲ್ಲಿಸಬೇಕು, ಬೂಸು ಕೊಲ್ಲುವ ಬಲವಾದ ಔಷಧಿಯನ್ನು ಡ್ರಿಪ್ಪಿನಲ್ಲಿ ಕೊಡಬೇಕು. ಆ ಔಷಧಿ ಕಿಡ್ನಿಗೆ ಬಲು ಭಾರ. ಒಂದು ಕಡೆ ಭಾರ, ಇನ್ನೊಂದು ಕಡೆ ಎಚ್ಚೆತ್ತ ದಂಡು. “ಕಿಡ್ನಿ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ, ಜೀವ ಮೊದಲು” ಅಂದರು. ನೀನು ಸಹಿ ಹಾಕಿದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ.

ಆದರೆ ಆ ಪರೀಕ್ಷೆ ಹುಡುಕುವುದು ಬೂಸನ್ನಲ್ಲ, ಅಕ್ಕ. ಬೂಸಿನ ಗೋಡೆಯ ಸಕ್ಕರೆಯನ್ನು. ಪರೀಕ್ಷೆಯ ಚೀಟಿ ನಿನ್ನೆ ನನ್ನ ಕೈಗೆ ಬಂತು. ಅದರ ಮೇಲಿದ್ದ ಹೆಸರು ಬೀಟಾ ಗ್ಲೂಕಾನ್. ಏಳು ವರ್ಷದಿಂದ ನಾನು ಬಾಟಲಿಗಳ ಮೇಲೆ ಬರೆಯುತ್ತಿರುವ ಹೆಸರೇ ಅದು. ಯಂತ್ರಕ್ಕೆ ಕಳ್ಳ ಯಾರು, ಕಳ್ಳನ ಅಂಗಿ ಯಾವುದು ಎಂದು ಗೊತ್ತಾಗುವುದಿಲ್ಲ.

ಓಡಿ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅದು ಬೈಗುಳಕ್ಕಿಂತ ಹೆಚ್ಚು. ಬಾಯಿಂದ ತಿಂದದ್ದು ಸಾಮಾನ್ಯವಾಗಿ ರಕ್ತಕ್ಕೆ ಇಳಿಯುವುದಿಲ್ಲ, ಆದರೆ ಕರುಳು ಇಷ್ಟು ಕೆಟ್ಟಿರುವಾಗ ಸೋರಿರಬಹುದು ಅಂದರು. ಜ್ವರಕ್ಕೆ ಬೇರೆ ಕಾರಣವೇ ಇದ್ದೀತು, ನಿನ್ನ ದಂಡು ಕಿಡ್ನಿಯ ಮೇಲೆ ತಿರುಗಿ ಬಿದ್ದಿರುವುದೂ ಇದ್ದೀತು, ಹಾಗಿದ್ದರೆ ಮಾತ್ರೆ ನಿಲ್ಲಿಸುವುದೇ ತಪ್ಪು ಅಂದರು. ವಾರ್ಡಿನಲ್ಲಿದ್ದಷ್ಟು ದಿನ ಸಂಜೆಯ ಹಾಲು ಮನೆಯಿಂದಲೇ ಬರುತ್ತಿತ್ತು; ಈ ಗಾಜಿನ ಕೋಣೆಗೆ ಬಂದ ಮೂರು ದಿನದಿಂದ ಹೊರಗಿನ ಹಾಲು ಬಂದಿಲ್ಲ. ಈಗ ರಕ್ತ ತೆಗೆದರೆ ಅಂಕಿ ಇಳಿದಿರಬೇಕು. ಇಳಿದಿದ್ದರೆ ಅದು ಪುಡಿ. ಇಳಿಯದಿದ್ದರೆ ಬೂಸು. ಉತ್ತರ ಬರಲು ಒಂದು ದಿನ.

“ಕಾರಣ ಇದ್ರೆ ಒಂದು ದಿನ ಕಾಯ್ಬಹುದು. ಹತ್ರದಿಂದ ನೋಡ್ಕೊಳ್ತೀನಿ. ಸುಮ್‌ಸುಮ್ನೆ ಕಾಯಕ್ಕಾಗಲ್ಲ” ಅಂದು ಅಮ್ಮನನ್ನು ಕರೆಸಿದರು.

ಅಮ್ಮ ಬಂದು ನಿಂತಳು. ಹಾಲಿಗೆ ಏನು ಹಾಕುತ್ತಿದ್ದಿರಿ ಎಂದು ಕೇಳಿದರು. “ನಾನಾ? ನಾನು ಏನೂ ಹಾಕಿಲ್ಲ ತಾಯಿ. ಸಕ್ರೆ ಕೂಡ ಹಾಕಿಲ್ಲ. ಅವಳಿಗೆ ಸಕ್ರೆ ಆಗಲ್ಲ” ಅಂದಳು. ನಾನು ಅಮ್ಮಾ, ಯೋಚನೆ ಮಾಡಿ ಹೇಳು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ನೋಡಿದಳು.

ಡಾಕ್ಟರಮ್ಮ ಗೌನು ಹಾಕಿಕೊಂಡು ನಿನ್ನ ಹತ್ತಿರ ಬಂದರು. ನೀನೇನು ಅಂದೆ ಎಂದು ಅವರೇ ಹೇಳಿದರು. “ಅವಳಿಗೆ ಅವಳ ಕಿಡ್ನಿ ಚಿಂತೆ ಡಾಕ್ಟ್ರೇ. ಡ್ರಿಪ್ ಕೊಟ್ರೆ ಎಲ್ಲಿ ಹಾಳಾಗುತ್ತೋ ಅಂತ ಕಥೆ ಕಟ್ತಿದಾಳೆ. ಕಟ್ಟೋದರಲ್ಲಿ ನಿಸ್ಸೀಮಳು, ಅದೇ ಅವಳ ಸಂಬಳ.”

“ಒಂದೇ ಮನೆ, ಮೂರು ಜನ, ಮೂರು ಮಾತು. ನಾನು ಯಾರನ್ನ ನಂಬಿ ಔಷಧಿ ತಡೀಲಿ?” ಎಂದು ಡಾಕ್ಟರಮ್ಮ ಕೇಳಿದರು.

ಹನ್ನೆರಡೂ ಐವತ್ತು

ಉತ್ತರ ನಿನ್ನಲ್ಲಿದೆ. ನಿನ್ನ ನಾಲಿಗೆಯಲ್ಲೇ ಇದೆ. ನೆನಪು ಮಾಡಿಕೋ.

ಈಚೆಗೆ ನೀನು ಹಾಲಿನವನನ್ನು ಎರಡು ಸಲ ಬದಲಾಯಿಸಿದೆ. ಯಾಕೆ? ಲೋಟದ ತಳದಲ್ಲಿ ಮರಳು ಇರುತ್ತದೆ ಅಂತ. ಮೊದಲನೆಯವನನ್ನು ಬಾಗಿಲಲ್ಲಿ ನಿಲ್ಲಿಸಿ “ಸುಣ್ಣ ಬೆರೆಸ್ತೀಯೇನೋ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಉಗಿದೆ. ಪಾಪ, ಅವನು ನಿನ್ನೆದುರೇ ಒಂದು ಲೋಟ ಕುಡಿದು ತೋರಿಸಿದ. ಎರಡನೆಯವನು ಬಂದ ಮೇಲೂ ಕೊನೆಯ ಗುಟುಕು ಹಲ್ಲಿಗೆ ಸಿಗುತ್ತದೆ, ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ, ಹಳೆಯ ಬ್ರೆಡ್ಡಿನ ವಾಸನೆ ಎಂದು ಅಮ್ಮನ ಹತ್ತಿರ ಹೇಳಿದೆ. ನಾನು ಮೇಲಿನ ಕೋಣೆಯಲ್ಲಿದ್ದೆ, ಕೇಳಿಸಿತು. ಮಾತು ಬಿಟ್ಟ ಮೇಲೆ ಕಿವಿ ಚುರುಕಾಗಿದೆ.

ಅದು ಸುಣ್ಣವಲ್ಲ, ಮರಳಲ್ಲ, ಅಕ್ಕ. ಕರಗದ ಪುಡಿ. ನಾಲ್ಕು ಗಂಟೆಗೆ ಮುಂಚೆ ಡಾಕ್ಟರಮ್ಮನಿಗೆ ಇದೊಂದನ್ನು ಹೇಳು. ನನ್ನನ್ನು ನಂಬಬೇಡ. ನಿನ್ನ ಹಲ್ಲನ್ನು ನಂಬು.

ನನಗೆ ಕಿಡ್ನಿಯ ಚಿಂತೆ ಅಂದೆಯಲ್ಲ. ಹೌದು, ಚಿಂತೆ ಇತ್ತು. ಈ ಎರಡು ವರ್ಷ ನಾನು ನಡೆದುಕೊಂಡದ್ದು ದಾನ ಕೊಟ್ಟವಳ ಹಾಗಲ್ಲ, ಬಾಡಿಗೆಗೆ ಕೊಟ್ಟವಳ ಹಾಗೆ. ನೀನು ಎಷ್ಟು ಬಾಟಲಿ ನೀರು ಕುಡಿದೆ ಎಂದು ಎಣಿಸಿದೆ. ದಿನಾ ಹನ್ನೊಂದು ಗಂಟೆಗೆ ನಿನ್ನ ಶಾಲೆಗೆ ಫೋನು ಮಾಡಿ, ಫೋನು ಎತ್ತಿದ ಯಾವಳೋ ಕಲಿಯುವ ಹುಡುಗಿಯ ಹತ್ತಿರ “ನಿಮ್ಮ ಮೇಡಂ ನೀರು ಕುಡಿದ್ರಾ, ಬಾತ್‌ರೂಮಿಗೆ ಹೋದ್ರಾ?” ಎಂದು ವಿಚಾರಿಸಿದೆ. ನೀನು ಆವತ್ತು ಅಷ್ಟೂ ಜನರ ಮುಂದೆ ಕಾರಿನ ಬಾಗಿಲು ಧಡಾರ್ ಅಂತ ಹಾಕಿ “ಬಂದು ನಿನ್ನ ಸಾಮಾನು ತಗೊಂಡು ಹೋಗೇ! ಈ ಬಾಡಿಗೆ ಮನೆ ಕಾಟ ನಂಗೆ ಸಾಕಾಯ್ತು” ಅಂದಾಗ ನನಗೆ ನಗುವೂ ಬಂತು, ಅಳುವೂ ಬಂತು. ಎರಡೂ ಬಂದದ್ದರಿಂದ ಕ್ಷಮೆ ಬರಲಿಲ್ಲ. ಈಗ ಬರುತ್ತಿದೆ, ಹೊತ್ತು ಮೀರಿ. ತಪ್ಪಾಯಿತು ಅಕ್ಕ. ಅದು ನಿನ್ನದು. ಕೊಟ್ಟ ದಿನದಿಂದಲೇ ನಿನ್ನದು.

ಇವತ್ತು ನನಗಿರುವ ಚಿಂತೆ ಬೇರೆ. ಅದು ಹೋದರೆ ನೀನು ಮತ್ತೆ ಡಯಾಲಿಸಿಸ್ಸಿನ ಆ ಕುರ್ಚಿಗೆ ಹೋಗಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ತೋಳಿಗೆ ಎರಡು ಸೂಜಿ, ಎದುರಿಗೆ ಅದೇ ಹಸಿರು ಗೋಡೆ. ಪಕ್ಕದ ಕುರ್ಚಿಯ ಲಾರಿ ಡ್ರೈವರು ಒಂದು ಸೋಮವಾರ ಬರಲಿಲ್ಲ, ಬುಧವಾರವೂ ಬರಲಿಲ್ಲ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅವತ್ತು ಮನೆಗೆ ಬರುವಾಗ ನೀನು ಬಸ್ಸಿನ ಕಿಟಕಿಗೆ ಹಣೆ ಹಚ್ಚಿ “ಇನ್ನೊಂದ್ ವರ್ಷ ಇದು ನನ್ ಕೈಲಾಗಲ್ಲ ಕಣೇ” ಅಂದೆ. ಮಾರನೆಯ ದಿನವೇ ನಾನು ಹೋಗಿ ಕಿಡ್ನಿ ಹೊಂದುತ್ತದೆಯೇ ಎಂದು ನೋಡಲು ನನ್ನ ರಕ್ತ ಕೊಟ್ಟು ಬಂದದ್ದು. ನನ್ನ ಹತ್ತಿರ ಕೊಡಲು ಇನ್ನೊಂದು ಇಲ್ಲ. ಇರುವ ಒಂದನ್ನೂ ಕೊಡುತ್ತೇನೆಂದರೆ ಡಾಕ್ಟರಮ್ಮ ತೆಗೆದುಕೊಳ್ಳುವುದಿಲ್ಲ.

ಬೂಸು ನಿಜವೇ ಆಗಿದ್ದರೆ? ನಿಜವಾಗಿದ್ದರೆ ನಾನು ಈಗ ನಿನ್ನ ಹತ್ತಿರ ಕೇಳುತ್ತಿರುವುದು ಒಂದು ದಿನವನ್ನಲ್ಲ, ಇನ್ನೇನನ್ನೋ. ಇದು ನನಗೆ ಗೊತ್ತಿದೆ. ಉಸಿರಾಟದಲ್ಲಿ ಒಂದಿಷ್ಟು ಏರುಪೇರಾದರೂ ಅದೇ ಗಳಿಗೆಯಲ್ಲಿ ಡ್ರಿಪ್ ಏರಿಸುತ್ತೇನೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆಗ ನಾನು ಬಾಯಿ ಬಿಡುವುದಿಲ್ಲ. ಕಿಡ್ನಿ ಹೋದರೆ ಹೋಗಲಿ, ಹತ್ತು ಹೋಗಲಿ. ನೀನಿರು. ಬೈಯಲಿಕ್ಕಾದರೂ ಇರು. ನೀನಿಲ್ಲದ ಮನೆಯಲ್ಲಿ ನಾನು ಮಾತು ಬಿಡುವುದಾದರೂ ಯಾರ ಜೊತೆ?

ನೋಡು, ಇಷ್ಟು ಬರೆದರೂ ಒಂದು ಪ್ರಾಸ ಬರಲಿಲ್ಲ ಕೈಗೆ. ಲೇಬಲ್ ಕೋಣೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ನಾಲ್ಕು ಹುಟ್ಟುತ್ತಿದ್ದವು. ಇವತ್ತು ಮಾತಿಗೆ ಮಾತು ಸಿಕ್ಕಿದರೆ ಸಾಕಾಗಿದೆ.

ಒಂದು ಮಾತು ಹೇಳು, ಅಕ್ಕ. ‘ಹಾಲಿನ ತಳದಲ್ಲಿ ಏನೋ ಇರುತ್ತಿತ್ತು’ ಅಂತ. ಅಷ್ಟು ಸಾಕು. ಆಮೇಲೆ ಇನ್ನೂ ಐದು ವರ್ಷ ಮಾತು ಬಿಡು, ನಾನು ಚಕಾರ ಎತ್ತುವುದಿಲ್ಲ.

ನಿನ್ನ ಬಾಗಿಲಾಚೆಯ,
ತಂಗಿ

ಮರೆತ ಮಾತು. ಒಂದೂ ನಲವತ್ತು.

ಮರೆತದ್ದಲ್ಲ. ಬಚ್ಚಿಟ್ಟದ್ದು.

ಕಾಗದ ಮಡಿಸಿ ಕವರಿಗೆ ಹಾಕಿ ನರ್ಸಮ್ಮನಿಗೆ ಕೊಡಲು ಎದ್ದಿದ್ದೆ. ಬೆಂಚಿನ ಆ ತುದಿಯಲ್ಲಿ ಅಮ್ಮ ಬೆಳಗಿನಿಂದ ಒಂದೇ ಸಮನೆ ಕೂತಿದ್ದಳು, ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುತ್ತ. ನನ್ನ ತೋಳು ಹಿಡಿದು ಕೂರಿಸಿದಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

“ನಾನೇ ಹಾಕಿರ್ಬೇಕು ಕಣೇ. ವಯಸ್ಸಾಯ್ತಲ್ಲ, ಮರ್ತು ಹೋಗಿರ್ಬೇಕು. ನೀನು ನೋಡಿದೀನಿ ಅಂತೀಯ. ನೀನ್ಯಾಕೆ ಸುಳ್ಳು ಹೇಳ್ತೀಯ? ನಡಿ, ಡಾಕ್ಟ್ರ ಹತ್ರ ನಾನೇ ಹಾಕ್ದೆ ಅಂತ ಹೇಳ್ಬಿಡ್ತೀನಿ.”

ಅಕ್ಕ, ಅಮ್ಮ ಹಾಕಲಿಲ್ಲ. ಅವಳ ಬೆರಳಿನ ಗಂಟುಗಳಿಗೆ ಕ್ಯಾಪ್ಸೂಲು ಬಿಚ್ಚಲು ಬರುವುದೇ ಇಲ್ಲ. ಹಾಲು ಕಾಯಿಸಿದವಳು ನಾನು. ಬೆರೆಸಿದವಳು ನಾನು. ಮಾತು ಬಿಟ್ಟಿದ್ದರಿಂದ ಲೋಟ ನಿನ್ನ ಕೈಗೆ ಕೊಡಲು ಅಮ್ಮ ಬೇಕಾಗಿದ್ದಳು, ಅಷ್ಟೇ. ಏನಿದೆ ಅದರಲ್ಲಿ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ನಿನ್ನೆ ಡಾಕ್ಟರಮ್ಮನ ಮುಂದೆ ನಿಂತಾಗ ಕಿಡ್ನಿ ಕೊಟ್ಟವಳೇ ಅದಕ್ಕೆ ಕಲ್ಲು ಹಾಕಿದಳು ಎಂದು ಹೇಳಲು ಬಾಯಿ ಬರಲಿಲ್ಲ. ಅಮ್ಮನಾದರೆ ಯಾರೂ ಏನೂ ಅನ್ನುವುದಿಲ್ಲ ಅನ್ನಿಸಿತು. ಅವಳು ನನ್ನ ಮುಖ ನೋಡಿದಳು ಎಂದು ಬರೆದೆನಲ್ಲ, ಆಗಲೂ ನಾನು ಕಣ್ಣು ಕೆಳಗೆ ಹಾಕಲಿಲ್ಲ.

ನಂಬಿಕೆ ಇರಲಿಲ್ಲ ಎಂದು ಬರೆದದ್ದೂ ಸುಳ್ಳು. ನಂಬಿಕೆ ಇತ್ತು. ಊಟದ ಹೊತ್ತಿಗೆ ಮೇಸ್ತ್ರಿಯ ಜೊತೆ ನಗುತ್ತಿದ್ದೆ, ಮಧ್ಯಾಹ್ನ ಕೂತು ದಂಡು ನಿಂತಿದೆ ಎಂದು ಬರೆಯುತ್ತಿದ್ದೆ. ಏಳು ವರ್ಷ ಬರೆದರೆ ಕೈ ನಂಬಿಬಿಡುತ್ತದೆ. ನಿನ್ನ ಕುತ್ತಿಗೆಯ ಮೂಳೆ ಕಾಣಲು ಶುರುವಾದ ವಾರ ನಾನು ನನ್ನದೇ ಲೇಬಲ್ಲನ್ನು ಕೊಳ್ಳುವವಳ ಹಾಗೆ ಓದಿದೆ. ಸಣ್ಣಕ್ಷರವನ್ನೂ ಓದಿದೆ. ಅದು ಪೂರ್ತಿ ತಿನ್ನುವವರಿಗೆ, ಅರ್ಧಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಏನೂ ಮಾಡಲು ಗೊತ್ತಿರಲಿಲ್ಲ ಅಕ್ಕ.

ಇನ್ನೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ಅಮ್ಮ ‘ನಾನೇ ಹಾಕ್ದೆ ಅಂತ ಹೇಳ್ತೀನಿ’ ಅಂದಾಗ ಒಂದು ಗಳಿಗೆ ನನಗೆ ಹಾಯೆನಿಸಿತು. ಅವಳು ಹೇಳಿದರೂ ಡ್ರಿಪ್ ತಡೆಯುತ್ತಾರೆ, ಕೆಲಸ ಆಗುತ್ತದೆ. ಆಮೇಲೆ ಅವಳು ಸಾಯುವ ತನಕ ಆ ಅಂಗೈ ನೋಡಿಕೊಂಡು ಕೂರುತ್ತಾಳೆ.

ಅಮ್ಮ ಈಗಷ್ಟೇ ಬೆಂಚಿನಿಂದ ಎದ್ದಳು. ಗೋಡೆ ಹಿಡಿದುಕೊಂಡು ಡಾಕ್ಟರಮ್ಮನ ಕೋಣೆಯ ಕಡೆಗೇ ಹೊರಟಿದ್ದಾಳೆ. ನಾನು ಇದನ್ನು ನರ್ಸಮ್ಮನ ಕೈಗಿಟ್ಟು ಓಡಬೇಕು. ಅವಳಿಗಿಂತ ಮುಂಚೆ ಆ ಬಾಗಿಲು ಮುಟ್ಟಬೇಕು. ಅವಳ ಮಂಡಿನೋವಿನಿಂದ ನನಗೊಂದು ಉಪಕಾರ ಆಗುವುದಿದ್ದರೆ ಅದು ಇವತ್ತೇ ಆಗಲಿ.